ಎರಡು ಗಂಟಿನ ದಾರ

ಅಳತೆ ಕೊಡಲು ಆಕೆ ಬರಲಿಲ್ಲ.
ಮೆಣಸಿನ ವ್ಯಾಪಾರಿಯ ಕೈಲಿ ದಾರ ಕಳಿಸಿದ್ದಳು,
ಗೋಣಿ ಹೊಲಿಯುವ ದಾರ, ಎರಡು ಗಂಟು:
ಮೊಣಕೈ ಮಡಿಕೆಗೆ ಒಂದು,
ತೋರುಬೆರಳ ಮೊದಲ ಗೆಣ್ಣಿಗೆ ಇನ್ನೊಂದು.
ಜೊತೆಗೆ ಒಂದೇ ಮಾತು: "ಯಜಮಾನರ ಕೋವಿ ನನಗೆ ಉದ್ದ."

ಅರಕಲಗೂಡಿನ ನನ್ನ ಕೆಲಸದ ಜಗಲಿಯಲ್ಲಿ
ಅದನ್ನು ಮೊಳೆಗೆ ತೂಗುಹಾಕಿ
ಮೂರು ತಿಂಗಳು ಹೊನ್ನೆಯ ತುಂಡು ಹೆರೆದೆ.
ಮುಖ ಕಾಣದ ಹೆಂಗಸಿನ ಭುಜ
ಉಳಿಯ ಬಾಯಿಗೆ ಸ್ವಲ್ಪಸ್ವಲ್ಪವೇ ತಿಳಿಯುತ್ತ ಬಂತು.
ಕುತ್ತಿಗೆ ಎಷ್ಟುದ್ದವೋ, ಅದನ್ನು ಮಾತ್ರ ದಾರ ಹೇಳಲಿಲ್ಲ;
ಹೆಂಡತಿಯದನ್ನು ಸಾಲ ತಂದೆ.
ಸೌಟು ಹಿಡಿದವಳನ್ನು ಹಾಗೇ ನಿಲ್ಲಿಸಿ
ಕೆನ್ನೆಗೆ ಮರ ಆನಿಸಿ ನೋಡಿದೆ.
"ಯಾರಿಗೋ ಇದು?" ಅಂದಳು.
"ಯಾರಿಗೋ" ಅಂದೆ.

ಭಾನುವಾರ ಹಾನುಬಾಳಿನ ಶಾಲೆ ಮೈದಾನದಲ್ಲಿ
ಕೇಪಿನ ಕೋವಿಯವರ ಕೂಟ.
ಹಾಸನದಲ್ಲಿ ಬಸ್ಸು ಬದಲಿಸಿ
ಹಳೇ ಪಂಚೆಯಲ್ಲಿ ಸುತ್ತಿದ್ದ ಹಿಡಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡೆ.
ಕಂಡಕ್ಟರು ಕಣ್ಣಲ್ಲೇ ತೂಗಿದ.
"ವೀಣೆಯಾ, ಆಚಾರ್ರೇ?"
ಹೂಂ ಅಂದೆ. ನಿಜ ಹೇಳಿದ್ದರೆ
ಬಾಳ್ಳುಪೇಟೆಯಲ್ಲಿ ಬಸ್ಸು ನಿಲ್ಲಿಸಿ ಪೊಲೀಸರನ್ನು ಕರೆಯುತ್ತಿದ್ದ;
ಹೂಂ ಅಂದದ್ದಕ್ಕೆ ಲಗೇಜು ಚೀಟಿಯನ್ನೇ ಹರಿಯಲಿಲ್ಲ.
ಸಂಗೀತಕ್ಕೆ ಅಷ್ಟು ಮರ್ಯಾದೆ ಇದೆ ನಮ್ಮ ಜಿಲ್ಲೆಯಲ್ಲಿ.

ಗೋಲ್ ಪೋಸ್ಟಿನ ಅಡ್ಡಪಟ್ಟಿಗೆ ತೆಂಗಿನಕಾಯಿ ಕಟ್ಟಿದ್ದರು,
ಹಿಂದೆ ಮಣ್ಣಿನ ದಿಬ್ಬ.
ಮೈಕಿನವನು ಹೆಸರಿನ ಜೊತೆ ಲೈಸೆನ್ಸ್ ನಂಬರನ್ನೂ ಓದುತ್ತಿದ್ದ.
ಕೊಂಬಿನಿಂದ ಮದ್ದು, ಮೇಲೆ ನಾರು,
ಗುಂಡು, ಮತ್ತೆ ನಾರು.
ಗಜ ಇಳಿಬಿಟ್ಟು ಕುಟ್ಟುವ ಸದ್ದು,
ಭತ್ತ ಕುಟ್ಟುವ ಓಣಿಯ ಹಾಗೆ, ಮೈದಾನದ ತುಂಬ.
ಗಜ ಕುಣಿದು ವಾಪಸು ಕೈಗೆ ಹಾರಿದರೆ ಸಾಕೆಂದು ಅರ್ಥ.
ಅವಸರದವರ ಕೋವಿಯಲ್ಲಿ ಗಜ ಕುಣಿಯುವುದಿಲ್ಲ.

"ಮಸಿ ತಂದಿದ್ದೀರಾ?"
ಇದೇ ಜವರಮ್ಮನ ಮೊದಲ ಮಾತು.
ತಂದಿದ್ದೆ. ದೀಪದ ಮಸಿಯನ್ನು ನಳಿಗೆಯ ಹೊಟ್ಟೆಗೆ ಬಳಿದು
ಮರದ ಕಾಲುವೆಯಲ್ಲಿ ಕೂರಿಸಿ ಎತ್ತಿದರೆ
ಕಪ್ಪು ಹತ್ತಿದಲ್ಲೆಲ್ಲ ಮರ ಜಾಸ್ತಿ.
ಹೆರೆ. ಕೂರಿಸು. ಎತ್ತು. ಹೆರೆ.
ಹದಿನಾಲ್ಕನೇ ಸಲ ಕಪ್ಪು ಉದ್ದಕ್ಕೂ ಒಂದೇ ಸಮ ಹತ್ತಿತು.
ಆಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಿದ್ದಳು,
ಹದಿಮೂರು ಅಂದಳು. ನಾನು ವಾದಿಸಲಿಲ್ಲ.

ಎತ್ತಿ ಭುಜಕ್ಕಿಟ್ಟಳು.
ಎಲ್ಲರೂ ಕಾಯಿ ನೋಡಿದರು, ನಾನು ಕೆನ್ನೆ ನೋಡಿದೆ:
ಸಾಲದ ಕುತ್ತಿಗೆ ಸರಿಹೊಂದಿತ್ತು.
ಕುದುರೆ ಬಿತ್ತು. ಚಟ್.
ಬರೀ ಕೇಪು.
ಯಾರೋ ನಕ್ಕರು. ತುರುಬಿನ ಪಿನ್ನು ಕಿತ್ತು
ತೂತು ಚುಚ್ಚಿ, ಇನ್ನೊಂದು ಕೇಪು ಕೂರಿಸಿದಳು.
ಆಮೇಲೆ ಹೊಗೆ. ಹೊಗೆಯಲ್ಲಿ ಆಕೆ ಇಲ್ಲ, ಕೋವಿ ಇಲ್ಲ,
ಶಾಲೆಯೂ ಇಲ್ಲ, ಗಂಧಕದ ಘಾಟೊಂದೇ.
ಸರಿದಾಗ ಕಾಯಿ ಮೊದಲಿದ್ದಂತೇ ತೂಗುತ್ತಿತ್ತು.

ಜವರಮ್ಮ ಸೆರಗು ಸರಿಸಿ ಭುಜ ಒತ್ತಿ ನೋಡಿಕೊಂಡಳು.
"ನೋಯಲಿಲ್ಲ" ಅಂದಳು, ಮೈಕಿನವನಿಗೂ ಕೇಳುವಷ್ಟು ಜೋರಾಗಿ,
"ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಯಲಿಲ್ಲ ಕಣ್ರೀ!"
ಮೈಕಿನವನು ಅದನ್ನು ಸೊನ್ನೆ ಎಂದು ಓದಿದ.

ಹಳೇ ಹಿಡಿಯನ್ನು ನನಗೇ ಕೊಟ್ಟಳು.
"ಒಲೆಗೆ ಹಾಕೋಕೆ ಕೈ ಬರಲ್ಲ,
ಮನೇಲಿಟ್ರೆ ಕಾಲಿಗೆ ಎಡವುತ್ತೆ."
ಕೆನ್ನೆ ಇಡುವಲ್ಲಿ ತಗ್ಗು, ಗಂಡಸೊಬ್ಬನ ದವಡೆ
ವರ್ಷಗಟ್ಟಲೆ ಒರಗಿ ತೇಯ್ದದ್ದು.
ಅಂಥ ನುಣುಪನ್ನು ಯಾವ ಉಳಿಯೂ ತೆಗೆಯಲಾರದು.
ನಾನು ಪ್ರಯತ್ನಿಸಿದ್ದೇನೆ.

ಸಂಜೆಯ ಬಸ್ಸಿಗೂ ಅದೇ ಕಂಡಕ್ಟರು.
"ವೀಣೆ ವಾಪಸ್ಸಾ?"
"ಇದು ಬೇರೆ. ಹಳೇದು. ತಂತಿ ಇಲ್ಲ."
"ತಂತಿ ಇಲ್ದಿದ್ರೆ ಸಾಮಾನು" ಅಂತ
ಹನ್ನೆರಡು ರೂಪಾಯಿಯ ಚೀಟಿ ಹರಿದ.
ಜೇಬಿಗಿಡಲು ಹೋದಾಗ ಬೆರಳಿಗೆ ದಾರ ಸಿಕ್ಕಿತು,
ಎರಡೂ ಗಂಟು ಬಿಗಿಯಾಗೇ ಇದ್ದವು.
ಕೊಡಲು ಮರೆತಿದ್ದೆ.