ಬೂದು ಬಳಿಯುವವನು

ಮೂರು ವರ್ಷ ನಾನು ಅವನನ್ನು ಅಳಿಸಿದೆ.
ಅದೇ ನನ್ನ ನೌಕರಿ: ಮಾರ್ಸೇಯ್ ನಗರಸಭೆಯ ನಾಲ್ಕನೇ ವ್ಯಾನು,
ಇಪ್ಪತ್ತು ಲೀಟರಿನ ಬೂದುಬಣ್ಣದ ಡಬ್ಬ, ಉದ್ದ ಕೋಲಿನ ರೋಲರು.
ಮಂಗಳವಾರ ರೈಲು ಹಳಿಯ ಪಕ್ಕದ ಗೋಡೆ,
ಶುಕ್ರವಾರ ಬಂದರಿನ ಸೇತುವೆಯ ಕೆಳಗೆ.

ಹೆಸರು ಗೊತ್ತಿರಲಿಲ್ಲ, ಕೈ ಗೊತ್ತಿತ್ತು.
ಮೂರೇ ಅಕ್ಷರ. ಕೊನೆಯದರ ಬಾಲ
ದಡಕ್ಕೆಳೆದಿಟ್ಟ ದೋಣಿಯ ಮೂತಿಯಂತೆ ಮೇಲೆದ್ದಿರುತ್ತಿತ್ತು.
ಬಳಿದು ಬಂದ ಎರಡೇ ದಿನಕ್ಕೆ
ಅದೇ ದೋಣಿ, ಅದೇ ದಡ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ;
ತಿಂಗಳ ಕೊನೆಗೆ ಸಂಬಳ ಮಾತ್ರ ಬರುತ್ತಿತ್ತು.

ಯಾರಿಗೂ ಹೇಳದ ಒಂದು ಮಾತು:
ಒಂದು ಬೂದು ಇನ್ನೊಂದು ಬೂದಿಗೆ ಎಂದೂ ಹೊಂದುವುದಿಲ್ಲ.
ಹೋದ ವರ್ಷದ್ದರಲ್ಲಿ ತುಸು ಹಸಿರು,
ಹೊಸ ಗುತ್ತಿಗೆದಾರನದರಲ್ಲಿ ನೀಲಿ,
ಮಿಸ್ತ್ರಾಲ್ ಗಾಳಿಯ ದಿನ ಬಳಿದದ್ದರ ಮೈತುಂಬ ಧೂಳು.
ಗೋಡೆಯಲ್ಲಿ ನನ್ನವೂ ಚೌಕಗಳಿದ್ದವು.
ಯಾರೂ ನೋಡುತ್ತಿರಲಿಲ್ಲ, ನಾನೂ ನೋಡಲಿಲ್ಲ.

ಜನವರಿಯ ಒಂದು ಬೆಳಗಿನ ಐದಕ್ಕೆ ಎದುರಾದ.
ಯಾರದೋ ದೊಡ್ಡ ಜಾಕೀಟು, ತೋರುಬೆರಳ ತುದಿ ನೀಲಿ.
ಹಿಂದೆ ಹಳಿ, ಮುಂದೆ ನಾನು.
"ಯಾವ ಊರು?" ಅಂದೆ, ಬೇರೇನೂ ತೋಚದೆ.
"ಕೊಮೊರೊ. ನಿಮ್ಮದು?"

ನನ್ನನ್ನು ಹಾಗೆ ಕೇಳಿ ನಲವತ್ತು ವರ್ಷವಾಗಿತ್ತು.
ತಾತ ಹಡಗಿಳಿದ ಅರ್ಮೇನಿಯನ್, ಕೈಲೊಂದು ಸೂಜಿಡಬ್ಬಿ.
ಮನೆಯಲ್ಲಿ ನಾನು ಹಾಗೋಪ್, ವ್ಯಾನಿನ ಪಟ್ಟಿಯಲ್ಲಿ ಜಾಕ್.
ಇದನ್ನೆಲ್ಲ ಹೇಳಲಿಲ್ಲ. "ಹೋಗು" ಅಂದೆ.
ಹೋಗುವಾಗ ತಿರುಗಿ ನನ್ನ ಡಬ್ಬದೊಳಗೆ ಇಣುಕಿದ:
"ಈ ಸಲದ ಬೂದು ಸ್ವಲ್ಪ ಬೆಚ್ಚಗಿದೆ."

ಮಾರ್ಚಿನಲ್ಲಿ ಪೊಲೀಸರು ಹಿಡಿದರು.
ನ್ಯಾಯಾಧೀಶೆ ಕೊಟ್ಟ ಶಿಕ್ಷೆ ನೂರಿಪ್ಪತ್ತು ಗಂಟೆ ಗೋಡೆ ಬಳಿಯುವುದು,
ನಾಲ್ಕನೇ ವ್ಯಾನಿನಲ್ಲಿ.
ಹೀಗೆ ಮ್ಲಾಮಾಲಿ ನನ್ನ ಪಕ್ಕ ಕೂತು
ತನ್ನನ್ನು ತಾನೇ ಅಳಿಸಿದ, ಅಂಚು ಕೆಡದಂತೆ, ನೀಟಾಗಿ.
ಊಟದ ಹೊತ್ತಿಗೆ ಅಮ್ಮನ ಮಾತು ತೆಗೆಯುತ್ತಿದ್ದ:
ಮೊಯ್ನೇಶಾ ಹವಳದ ಕಲ್ಲಿನ ಮೇಲೆ ಗಂಧ ತೇದು
ಮುಖಕ್ಕೆಲ್ಲ ಹಳದಿ ಹಚ್ಚಿಕೊಳ್ಳುತ್ತಿದ್ದಳು ದ್ವೀಪದಲ್ಲಿ;
ಅವನು ಕಂಡ ಮೊದಲ ಬಣ್ಣ, ಮೊದಲ ಗೋಡೆ.
ಇಲ್ಲಿ ರಾತ್ರಿಯಿಡೀ ಆಫೀಸುಗಳ ನೆಲ ಒರೆಸುತ್ತಾಳೆ.
"ಮನೆಯಲ್ಲಿ ಒರೆಸುವವರು ಒಬ್ಬರು ಸಾಕು," ಅಂದ.
ನನ್ನ ಬ್ರೆಡ್ಡು ಗಂಟಲಲ್ಲಿ ನಿಂತಿತು.

ಆಮೇಲಿನ ವರ್ಷಗಳು ಕೇಳಿ ತಿಳಿದದ್ದು.
ಮಾಂಸದಂಗಡಿಯ ಶಟರಿಗೆ ಕುರಿ ಬರೆದನಂತೆ,
ಕುರಿ ನಗುತ್ತಿದೆ ಎಂದು ಮಾಲೀಕ ಅರ್ಧವೇ ಕೊಟ್ಟನಂತೆ.
ಕಲಾಶಾಲೆ ಎರಡು ಸಲ ಬೇಡವೆಂದಿತು.
ಮೂರನೆಯ ಸಲ ಅವನೇ ಕೇಳಲಿಲ್ಲ.

ಒಂದು ದಿನ ಅಂಚೆಯಲ್ಲಿ ಆಮಂತ್ರಣ, ಜಾಕ್ ಎಂಬ ಹೆಸರಿಗೆ.
ಹಾಲಿನಂಥ ಗೋಡೆಗಳು, ಗುಬ್ಬಚ್ಚಿ ಕುಡಿಯುವಷ್ಟು ವೈನು,
ಮತ್ತು ಕ್ಯಾನ್ವಾಸಿನ ತುಂಬ ಬೂದು ಚೌಕಗಳು:
ಹಸಿರಿನದು, ನೀಲಿಯದು, ಧೂಳಿನದು.
ಮೂಲೆಯಲ್ಲೆಲ್ಲೋ ಮುಳುಗುತ್ತ ಒಂದು ದೋಣಿಯ ಮೂತಿ.
ಚಿತ್ರದ ಹೆಸರು 'ಮಂಗಳವಾರ'.
ಬೆಲೆ ನನ್ನ ಹತ್ತೊಂಬತ್ತು ತಿಂಗಳ ಸಂಬಳ.
ಆ ಚೌಕ ನನ್ನದು ಎನ್ನಲು ಬಾಯಿ ತೆರೆದೆ,
ಚೀಸಿನ ತುಂಡು ಹಾಕಿ ಮುಚ್ಚಿದೆ.
ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ.
ಖುಷಿಯೂ ಆಗಿತ್ತು. ಯಾವುದು ಎಷ್ಟೆಂದು ಅಳೆಯಲಿಲ್ಲ.

ಈಗ ನನಗೆ ಪಿಂಚಣಿ, ಅವನಿಗೆ ಗುರುವಾರದ ತರಗತಿ.
ಉತ್ತರದ ಬಡಾವಣೆಯ ಶಾಲೆ, ಸೋರುವ ನಲ್ಲಿ,
ಒಂಬತ್ತು ಮಕ್ಕಳು ಮತ್ತು ನಾನು.
ಮೊದಲ ಪಾಠ: ಕಪ್ಪು ಮುಟ್ಟದೆ ಬೂದು ಮಾಡಿ.
ಕಿತ್ತಳೆಗೆ ನೀಲಿ ಬೆರೆಸಿ, ತಾಳಿ, ಇನ್ನೊಂದು ಹನಿ.
ನನ್ನದು ನೋಡಿ ಏನೂ ಅನ್ನದೆ ಮುಂದೆ ಹೋದ;
ಮಕ್ಕಳಿಗೆ ಮಾತ್ರ ಶಭಾಸ್.

ಎರಡನೇ ಪಾಠ: ನಿಮ್ಮ ಹೆಸರು ಬರೆಯಿರಿ, ಹಾಳೆಯ ಅಂಚು ಮುಟ್ಟುವಷ್ಟು ದೊಡ್ಡದಾಗಿ.
ತಾತನ ಲಿಪಿಯಲ್ಲಿ ಬರೆಯಹೊರಟೆ.
ಮೊದಲಿನೆರಡು ಬಂದವು, ಮೂರನೆಯದು ಸೊಟ್ಟಗಾಯಿತು.
ಪಕ್ಕದ ಹುಡುಗಿ ಕತ್ತು ಚಾಚಿ ಕೇಳಿದಳು, "ಅದೇನು, ಕುರ್ಚಿಯಾ?"
"ತಡಿ, ತಪ್ಪಾಯಿತು," ಎಂದು
ಒರೆಸುವ ಬಟ್ಟೆಗಾಗಿ ಮೇಜೆಲ್ಲ ತಡಕಾಡಿದೆ.

ಬಟ್ಟೆ ಅವನ ಕೈಯಲ್ಲಿತ್ತು.
ಕೊಡಲಿಲ್ಲ.