ಹತ್ತು ಗಂಟೆಯ ಬದಿ

ನನ್ನ ಬೀದಿಯ ಎಡಗಡೆ ಬ್ರಸೆಲ್ಸ್, ಬಲಗಡೆ ಫ್ಲಾಂಡರ್ಸ್.
ನಡುವೆ ಎಂಟು ಮೀಟರ್ ಡಾಂಬರು,
ಒಂದು ಮುಚ್ಚಿದ ಮೋರಿ,
ಯಾರ ಲೆಕ್ಕಕ್ಕೂ ಸೇರದ ಒಂದು ಲಿಂಡೆನ್ ಮರ.
ಎಲೆ ಉದುರುವಾಗ ಮಾತ್ರ ತಕರಾರು:
ಗುಡಿಸುವವರು ಯಾರು?

ಅಕ್ಟೋಬರಿನ ಆ ವಾರ ಆಸ್ಪತ್ರೆಗಳು ಉಸಿರು ಬಿಗಿಹಿಡಿದಿದ್ದವು.
ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿದರು.
ಕಿವಿಯಲ್ಲಿ ಡಚ್, ಬಾಯಲ್ಲಿ ಫ್ರೆಂಚ್,
ನಡುವೆ ಅರ್ಧ ಸೆಕೆಂಡಿನಷ್ಟು ನಾನು.

ಒಂದೇ ದೇಶ. ಆರೋಗ್ಯಕ್ಕೆ ಒಂಬತ್ತು ಮಂತ್ರಿಗಳು.
ಕೆಮ್ಮು ಒಬ್ಬರ ಖಾತೆ,
ಕೆಮ್ಮುವ ಮುದುಕಿಯ ವೃದ್ಧಾಶ್ರಮ ಇನ್ನೊಬ್ಬರದು,
ಅವಳ ಬಾಯಿಗೆ ಕಟ್ಟುವ ಮಾಸ್ಕು
ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ.
ಪರದೆಯ ತುಂಬ ಚೌಕಗಳು.
ಒಬ್ಬರ ಬೆನ್ನಿಗೆ ಧ್ವಜ, ಒಬ್ಬರ ಬೆನ್ನಿಗೆ ಕಪಾಟು,
ಒಬ್ಬರ ಹಿಂದೆ ಬಾಗಿಲು ಸರಿಸಿ ಇಣುಕಿ ಹೋದ ಪೈಜಾಮದ ಮಗು.
ಕೇಂದ್ರದವರು "ನಾವೆಲ್ಲ" ಎಂದು ಶುರುಮಾಡಿದರು.
ಆ ಪದದ ನಂತರ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಮಾತು ಹಾಸಿಗೆಗೆ ಬಂತು.
ಲಿಯೇಜಿನಲ್ಲಿ ಜಾಗವಿಲ್ಲ, ಉತ್ತರದಲ್ಲಿ ಇದೆ.
ಎಷ್ಟಿದೆ ಎಂದರೆ ಎಲ್ಲರೂ ಕಾಗದ ಹುಡುಕಿದರು.
ಉತ್ತರದ ಮಂತ್ರಿ ಮೈಕು ಆರಿಸಲು ಮರೆತು,
ಅಥವಾ ಮರೆತಂತೆ ಮಾಡಿ, ಗೊಣಗಿದ:
"ಬೇಸಿಗೆಯೆಲ್ಲ ತಿಂದು ಕುಡಿದು ಕುಣಿದರು,
ಈಗ ನಮ್ಮ ಹಾಸಿಗೆ ಬೇಕಂತೆ."

ನನ್ನ ಬಾಯಿ ಆಗಲೇ ತೆರೆದಿತ್ತು.
ಫ್ರೆಂಚಿನಲ್ಲಿ ಹೊರಬಂದದ್ದು ಇಷ್ಟೇ:
"ಮಾನ್ಯರು ಹಾಸಿಗೆಗಳ ವಿಷಯ ಪ್ರಸ್ತಾಪಿಸುತ್ತಿದ್ದಾರೆ."

ಸುಳ್ಳಲ್ಲ. ನಿಜವೂ ಅಲ್ಲ.
ಇಪ್ಪತ್ತಮೂರು ವರ್ಷ ಒಂದು ಕಾಳೂ ಮುಟ್ಟದೆ ಕಣಜ ಕಾದವಳು
ಅಂದು ಒಂದು ಹಿಡಿ ನುಂಗಿದೆ.
ಪ್ಲಾಸ್ಟಿಕ್ ತಡಿಕೆಯಾಚೆ ಆರ್ಲೆಟ್ ನನ್ನತ್ತ ತಿರುಗಿದಳು,
ನೀರು ಕುಡಿದಳು, ತನ್ನ ಕಾಗದಕ್ಕೆ ಮರಳಿದಳು.
ದಕ್ಷಿಣದವರಲ್ಲಿ ಡಚ್ ಬಲ್ಲವರು ಇಬ್ಬರಿದ್ದರು.
ಅವರೂ ಸುಮ್ಮನಿದ್ದರು.
ದಕ್ಷಿಣದ ಮಂತ್ರಿ ಕನ್ನಡಕ ಒರೆಸಿಕೊಂಡು
"ಪ್ರಸ್ತಾಪಿಸಿದ್ದಕ್ಕೆ ಧನ್ಯವಾದ" ಎಂದಳು.
ಪಕ್ಕದ ಗೂಡು ಅದನ್ನು ಹಾಗೇ ಡಚ್ಚಿಗೆ ದಾಟಿಸಿತು.
ಅವನ ಕಿವಿ ಕೆಂಪೇರಿದ್ದು ಪರದೆಯಲ್ಲೂ ಕಂಡಿತು.
"ಹನ್ನೆರಡು" ಎಂದ. ಆಮೇಲೆ, "ಹದಿನಾಲ್ಕು."

ಹಾಸಿಗೆ ಮುಗಿಯಿತು, ಗಡಿಯಾರ ಉಳಿಯಿತು.
ಕರ್ಫ್ಯೂ ಹತ್ತಕ್ಕೋ, ಹನ್ನೆರಡಕ್ಕೋ?
ವೈರಸ್ಸಿಗೆ ಗಂಟೆ ಗೊತ್ತಿಲ್ಲ ಎಂದರು ಒಬ್ಬರು.
ನಮ್ಮ ಜನಕ್ಕೆ ಗೊತ್ತಿದೆ ಎಂದರು ಇನ್ನೊಬ್ಬರು.
ಎರಡು ತಾಸು ಜಗ್ಗಾಡಿದರೂ
ಎರಡು ತಾಸಿನ ಅಂತರ ಹಾಗೇ ಇತ್ತು.
ಇಲ್ಲಿ ನಾನು ಒಂದಕ್ಷರವನ್ನೂ ನುಂಗಲಿಲ್ಲ,
ಪ್ರತಿ ಪದವನ್ನೂ ತೂಗಿ ಕೊಟ್ಟೆ.
ಯಾರೂ ಯಾರಿಗೂ ಒಪ್ಪಲಿಲ್ಲ.
"ಪರಸ್ಪರ ಸಮಾಲೋಚನೆಯಿಂದ ನಿರ್ಧರಿಸಲಾಗಿದೆ":
ಪ್ರಕಟಣೆ ಬಂತು, ಮೂರು ಭಾಷೆಗಳಲ್ಲಿ, ತಪ್ಪಿಲ್ಲದೆ.

ಮರುವಾರ, ನನ್ನ ಬೀದಿ, ರಾತ್ರಿ ಹತ್ತೂವರೆ.
ಎಡಬದಿಯ ಒಡಿಲ್ ಕಿಟಕಿಯಲ್ಲಿ. ಹೊಸ್ತಿಲು ದಾಟಿದರೆ ದಂಡ.
ಬಲಬದಿಯ ಲೀವನ್ ನಾಯಿ ಹಿಡಿದು
ಲಿಂಡೆನ್ ಮರದವರೆಗೆ ಬರುತ್ತಾನೆ, ನಿಲ್ಲುತ್ತಾನೆ.
ನಾಯಿ ಮಾತ್ರ ಹಗ್ಗವಿರುವಷ್ಟು ದೂರ ಬ್ರಸೆಲ್ಸಿಗೆ ಹೋಗಿ
ಒಡಿಲ್ ಎಸೆದ ಚೀಸಿನ ಚೂರು ತಿಂದು ಬರುತ್ತದೆ.

"ನನ್ನ ತಮ್ಮನನ್ನು ಲಿಯೇಜಿನಿಂದ ಖೆಂಟಿಗೆ ಒಯ್ದರು,"
ಎಂದಳು, ಫ್ರೆಂಚಿನಲ್ಲಿ, ನಾಯಿಗೆ ಹೇಳುವಂತೆ.
ಲೀವನ್ ನನ್ನ ಕಿಟಕಿಯ ಕಡೆ ನೋಡಿದ.
ಹೇಳಿದೆ. ಪೂರ್ತಿ ಹೇಳಿದೆ.
"ಯಾವ ವಾರ್ಡಂತೆ? ನಮ್ಮತ್ತಿಗೆ ಅಲ್ಲೇ ಲಾಂಡ್ರಿಯಲ್ಲಿರುವುದು."
ಅದನ್ನೂ ದಾಟಿಸಿದೆ.
ವಾರ್ಡು ಅವಳಿಗೆ ಗೊತ್ತಿರಲಿಲ್ಲ.
ನಾಳೆ ಕೇಳುತ್ತೇನೆ ಎಂದು ಕಿಟಕಿ ಎಳೆದುಕೊಂಡಳು.

ಅವನ ಬದಿಯಲ್ಲಿ ಇನ್ನೂ ಸಮಯವಿತ್ತು.
ನಾಯಿಯ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಪೊರಕೆ ತಂದ,
ತನ್ನ ಅರ್ಧದ ಎಲೆ ಗುಡಿಸಿದ,
ರಾಶಿ ಎಲ್ಲಿ ಹಾಕುವುದೆಂದು
ಹನ್ನೆರಡಾಗುವವರೆಗೂ ಅತ್ತಿತ್ತ ನೋಡುತ್ತ ನಿಂತ.