ಮಂಗಳವಾರದ ಆಟ

ಲೆಸ್ಟರಿನಲ್ಲಿ ಮಂಗಳವಾರ ಟಿಕೆಟ್ಟು ಐದೇ ಪೌಂಡು.
ಹಾಗಾಗಿ ನನ್ನ ಅಭಿಪ್ರಾಯಗಳೂ ಅಗ್ಗ, ತಗೊಳ್ಳಿ.

ಹೋದ ತಿಂಗಳದ್ದು: ಮಧ್ಯಂತರಕ್ಕೆ ಮೊದಲೇ ನಾಯಕ
ಅರವತ್ತೊಂದು ಜನರನ್ನು ಕೊಂದ. ಎಣಿಸಿದ್ದು ಹಂಸಾಬೆನ್,
ಥೇಪ್ಲಾ ಮುರಿಯುತ್ತ, ಕತ್ತಲಲ್ಲಿ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು;
ಅವನ ಬಿಳಿ ಅಂಗಿ ಒಗೆದವರು ಯಾರು,
ಅದನ್ನು ಮಾತ್ರ ತೋರಿಸಲಿಲ್ಲ.

ಆಮೇಲಿನದು ಲಂಡನ್ನಿನ ಪ್ರೇಮಕತೆ.
ಮೂರು ಗಂಟೆ, ಒಬ್ಬರಿಗೂ ನೆಗಡಿಯಿಲ್ಲ.
ಹುಡುಗಿಗೆ ಕೆಲಸವಿಲ್ಲ, ಥೇಮ್ಸ್ ಕಾಣುವ ಮನೆಯಿದೆ.
ಸೀರೆಯ ಸೆರಗು ಸೇತುವೆ ದಾಟಿತು, ಕತೆ ದಾಟಲಿಲ್ಲ.
ಹಂಸಾಬೆನ್ ಅತ್ತಳು. ಅವಳು ಜಾಹೀರಾತಿಗೂ ಅಳುತ್ತಾಳೆ.

ನನ್ನ ಹಿಂದಿ ದೂರದರ್ಶನದ ಹಿಂದಿ, ಅರೆಬರೆ;
ಉಳಿದದ್ದು ಕೆಳಗಿನ ಇಂಗ್ಲಿಷ್ ಸಾಲಿನ ದಯೆ.
ಅವನು ಎದೆ ಬಗೆದು ನಾಲ್ಕು ಸಾಲು ಶಾಯರಿ ಹೇಳಿದರೆ
ಕೆಳಗೆ ಬರುತ್ತದೆ: ನನಗೆ ಬೇಸರವಾಗಿದೆ.
ಒಮ್ಮೊಮ್ಮೆ ಅದೇ ವಾಸಿ.

ಇವತ್ತಿನದು ಸಾಧಾರಣ. ಕತೆ ಕೇಳಬೇಡಿ, ಆಗಲೇ ಮರೆತೆ.
ಆದರೆ ಒಂದು ಕಡೆ, ಗಂಡ ಹೆಂಡತಿ ಜಗಳಾಡುವಾಗ,
ಹಿಂದೆ, ಮಸುಕಿನಲ್ಲಿ, ಹೆಸರೂ ಇಲ್ಲದ ಅಡುಗೆಯಾಕೆ
ಒಗ್ಗರಣೆಯ ಗ್ಯಾಸು ಸಣ್ಣ ಮಾಡಿ
ಕಿವಿಗೊಡುತ್ತಾಳೆ.
ಎರಡು ಸೆಕೆಂಡು ಇರಬಹುದು.
ಐದು ಪೌಂಡು ಅಲ್ಲಿಗೇ ವಸೂಲಾಯಿತು.

ದೀಪ ಹತ್ತಿತು. ಪಾಪ್‌ಕಾರ್ನ್ ಬಳಿಯುವ ಕೀರನ್
ವಾರವಾರದಂತೆ ಕೇಳಿದ, ಹೇಗಿತ್ತು?
ಹಂಸಾಬೆನ್ ಹೆಬ್ಬೆರಳು ಎತ್ತಿದಳು, ಕೋಟು ಹುಡುಕಿದಳು.
ನಾನು ಅಡುಗೆಯಾಕೆಯ ಸಂಗತಿ ಶುರುಮಾಡಿದೆ.
ಅವನು ವ್ಯಾಕ್ಯೂಮ್ ಆರಿಸಿದ.

ಒಂಬತ್ತೂವರೆಯ ಬಸ್ಸು ಹೋದರೆ ಹೋಗಲಿ.